ಉಪ್ಪು ನೋಡುವ ಕೆಲಸ

ಕುರುಗೋಡಿನ ಈರಣ್ಣ ಮದುವೆ ಅಡುಗೆಯವನು. ಅವನ ಪಾತ್ರೆಗಳನ್ನು ಸಾಗಿಸುವುದು ಮುದುಕನಾದ ನನ್ನ ಆಟೋ. ಮೈ ತೂಕಕ್ಕೆ ಅವನ ಮೊಣಕಾಲು ಸೋತು, ಒಲೆ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಬೇಕೋ ಬೇಡವೋ ಎಂದು ಬಳ್ಳಾರಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನನ್ನನ್ನೇ ಕೇಳಿದ.

"ಡಾಕ್ಟರನ್ನ ಕೇಳೋ" ಎಂದೆ. ಆಸ್ಪತ್ರೆಯಲ್ಲಿ ನನ್ನನ್ನೂ ಒಳಗೆ ಎಳೆದುಕೊಂಡು ಹೋದ.

"ದಿನಕ್ಕೆ ಎಷ್ಟು ಸಲ ಉಣ್ತೀರಿ?" ಡಾಕ್ಟರಮ್ಮ ಕೇಳಿದರು.

"ಎರಡ ಸಲರಿ. ಅದೂ ಸ್ವಲ್ಪ."

ನನಗೆ ತಡೆಯಲಾಗಲಿಲ್ಲ. "ಮತ್ತ ಸೌಟುಗಟ್ಟಲೆ ಉಪ್ಪು ನೋಡ್ತೀಯಲ್ಲ, ಅದು?"

"ಅದು ಕೆಲಸ ತಾತಾ! ಊಟ ಹೆಂಗಾಗತೈತಿ?"

ಡಾಕ್ಟರಮ್ಮ ನಕ್ಕರು. "ಆಪರೇಷನ್ ಹೊಟ್ಟೆ ಸಣ್ಣದು ಮಾಡತೈತಿ, ಸೌಟನ್ನಲ್ಲ. ಆಮೇಲೆ ಜೀವನಪೂರ್ತಿ ತುಸುತುಸುವೇ ಉಣ್ಣಬೇಕು. ಮೊದಲು ಸೌಟು ಬಿಟ್ಟು ನೋಡ್ರಿ. ಬಿಡಾಕ ಆದ್ರ ಬರ್ರಿ, ಮಾಡೋಣು."

ಹೊರಗೆ ಬಂದು ಈರಣ್ಣ ಆಟೋ ಹತ್ತಿ ಕುಳಿತ.

"ಬಿಡ್ತೀನಿ. ಇನ್ನ ಮ್ಯಾಲೆ ಉಪ್ಪು ನೀನ ನೋಡು ತಾತಾ. ನಿಂದು ಮಾತು ಕಮ್ಮಿ. ಸಾರು ಕೆಟ್ರೂ ಊರಿಗೆಲ್ಲ ಹೇಳಂಗಿಲ್ಲ."

ಹೋದ ವಾರ ಸಿರುಗುಪ್ಪದ ಮದುವೆಯಲ್ಲಿ ಅವನು ಸೌಟು ಮುಟ್ಟಲಿಲ್ಲ. ಸಾರು, ಪಲ್ಯ, ಗೋಧಿ ಹುಗ್ಗಿ, ಎಲ್ಲದರ ಉಪ್ಪನ್ನೂ ನಾನೇ ನೋಡಿದೆ. ಸಿಹಿ ಹುಗ್ಗಿಗೆ ಉಪ್ಪು ಹಾಕುವುದಿಲ್ಲ. ಆದರೂ ಅನುಮಾನ ಬಂದು ಮತ್ತೊಂದು ಸಲ ನೋಡಿದೆ.