ಬಾಟ್ಲಿ ಖಾಲಿ, ಮಲ್ಲಿಗೆ ಹಸಿರು

ನಲವತ್ತಾರನೆಯ ವಯಸ್ಸಿನಲ್ಲಿ ಪಿಎಚ್‌ಡಿ ಮಾಡುತ್ತೇನೆಂದು ಹೊರಟಾಗ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಬೇಡ ಎಂದರೆ ಹಟಕ್ಕೆ ಬಿದ್ದು ಮಾಡಿಯೇ ಮಾಡುತ್ತೇನೆ ಎಂದು ಅವರಿಗೆ ಗೊತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಈಗ ಮೂಡುಬಿದಿರೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅದಕ್ಕೂ ಮೊದಲು ಬಂಟ್ವಾಳದಲ್ಲಿ ಬಹಳ ವರ್ಷ ವಾರ್ಡ್ ಸಿಸ್ಟರ್ ಆಗಿದ್ದೆ. ರೋಗಿಗಳನ್ನು ಗದರಿಸಿ ಮಾತ್ರೆ ನುಂಗಿಸುವುದರಲ್ಲಿ ನನಗೆ ಸರಿಸಾಟಿ ಯಾರೂ ಇರಲಿಲ್ಲ.

ನನ್ನ ಸಂಶೋಧನೆಯ ವಿಷಯ ನೀರು. ಕುಡಿಯುವ ನೀರು, ಅಷ್ಟೆ. ಆಸ್ಪತ್ರೆಗಳಲ್ಲಿ, ಆರೈಕೆ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ಇರುವ ಹಿರಿಯರು ನೀರು ಕುಡಿಯುವುದು ಕಡಿಮೆ. ಅದರಿಂದ ಮೂತ್ರದ ಸೋಂಕು, ಜ್ವರ, ಮಲಬದ್ಧತೆ, ಒಮ್ಮೊಮ್ಮೆ ತಲೆಯಲ್ಲಿ ಗೊಂದಲ. ಸರಿಯಾಗಿ ನೀರು ಕುಡಿಸಿದರೆ ಸಾಕು, ಎಷ್ಟೋ ತೊಂದರೆ ತಪ್ಪುತ್ತದೆ ಎಂದು ತೋರಿಸುವ ಹುಮ್ಮಸ್ಸು ನನ್ನದು. "ಇದರಲ್ಲಿ ಸಂಶೋಧನೆ ಮಾಡ್ಲಿಕ್ಕೆ ಎಂತ ಉಂಟು? ಕೊಟ್ಟರೆ ಕುಡೀತಾರೆ" ಎಂದರು ನನ್ನ ಗಂಡ. "ನೀವು ಕುಡೀತೀರಾ?" ಎಂದೆ. ಅವರು ಪೇಪರ್ ಓದತೊಡಗಿದರು.

ಬೆಳ್ತಂಗಡಿ ತಾಲೂಕಿನ ಒಂದು ಆರೈಕೆ ಕೇಂದ್ರದಲ್ಲಿ ಒಪ್ಪಿಗೆ ಸಿಕ್ಕಿತು. ಮೂಡುಬಿದಿರೆಯಿಂದ ಎರಡು ಬಸ್ ಹತ್ತಿ ಇಳಿದು, ಅಳದಂಗಡಿ ದಾಟಿ, ಆಮೇಲೆ ಒಂದಿಷ್ಟು ನಡೆಯಬೇಕು. ಕಟ್ಟಡ ಮೊದಲು ಮದುವೆ ಹಾಲ್ ಆಗಿತ್ತು. ಮದುಮಕ್ಕಳು ಕೂರುತ್ತಿದ್ದ ಸ್ಟೇಜಿನ ಮೇಲೆ ಈಗ ನಾಲ್ಕು ಮಂಚಗಳಿದ್ದವು, ಗೋಡೆಯಲ್ಲಿ ಬಣ್ಣ ಮಾಸಿದ 'ಸುಸ್ವಾಗತ' ಹಾಗೇ ಉಳಿದಿತ್ತು. ಮುಂದೆ ಉದ್ದಕ್ಕೆ ಜಗಲಿ. ಅಲ್ಲಿ ಕೂತರೆ ರಸ್ತೆ ಕಾಣುತ್ತದೆ, ರಸ್ತೆಯಲ್ಲಿ ಬಸ್ ಕಾಣುತ್ತದೆ. ಅಲ್ಲಿದ್ದವರಿಗೆ ಟಿವಿಗಿಂತ ಅದೇ ಇಷ್ಟ.

ನನ್ನ ಕ್ರಮ ಸರಳವಾಗಿತ್ತು. ಪ್ರತಿಯೊಬ್ಬರಿಗೂ ಗೆರೆ ಎಳೆದ ಒಂದು ಬಾಟ್ಲಿ. ಬೆಳಿಗ್ಗೆ ತುಂಬಿಸುವುದು, ಸಂಜೆ ನಾಲ್ಕಕ್ಕೆ ನೀರು ಯಾವ ಗೆರೆಗೆ ಇಳಿದಿದೆ ಎಂದು ನೋಡಿ ಚಾರ್ಟಿನಲ್ಲಿ ಬರೆಯುವುದು. ದಿನಾ ಬರೆಯುವ ಕೆಲಸ ಅಲ್ಲಿಯ ಸಹಾಯಕಿಯದು. ವಾರಕ್ಕೆರಡು ಸಲ ಹೋಗಿ ನೋಡುವುದು ನನ್ನದು. ಸಹಾಯಕಿ ಎರಡು ಮಕ್ಕಳ ತಾಯಿ, ಬಾಯಿ ಜೋರು, ಕೈ ಮೃದು, ಸೊಂಟಕ್ಕೆ ಸದಾ ಅಗಲದ ಬೆಲ್ಟು. ಹಗಲಿಗೆ ಎಲ್ಲರನ್ನೂ ಎತ್ತಿ ಇಳಿಸುವವಳು ಅವಳೊಬ್ಬಳೇ.

ಫಲಿತಾಂಶ ಏನು ಕೇಳುತ್ತೀರಿ! ಮೊದಲ ವಾರ ಅರ್ಧ ಬಾಟ್ಲಿ ಮುಗಿಸುತ್ತಿದ್ದವರು ಎರಡನೆಯ ತಿಂಗಳಿಗೆ ತಳ ಕಾಣಿಸುತ್ತಿದ್ದರು. ನಾನು ಗ್ರಾಫ್ ಬರೆದು ಗೋಡೆಗೆ ಅಂಟಿಸಿ ದೂರ ನಿಂತು ನೋಡಿದೆ. ಎಲ್ಲರಿಗಿಂತ ಮುಂದೆ ಅಕ್ಕ. ಎಪ್ಪತ್ತು ದಾಟಿದ ಅವರನ್ನು ಯಾರೋ ಅಜ್ಜಿ ಎಂದಾಗ, "ನನಗೆ ಮಕ್ಕಳೇ ಇಲ್ಲ, ಮೊಮ್ಮಕ್ಕಳು ಎಲ್ಲಿಂದ? ಅಕ್ಕ ಅಂತ ಕರೀರಿ" ಎಂದಿದ್ದರಂತೆ. ಅಂದಿನಿಂದ ಕೇಂದ್ರಕ್ಕೆಲ್ಲ ಅಕ್ಕ. ಪಾರ್ಶ್ವವಾಯು ಬಡಿದು ಎಡಗಡೆ ಸೋತಿತ್ತು, ಬಲಗೈ ಮಾತ್ರ ಚುರುಕು. ಗಾಲಿಕುರ್ಚಿಯಲ್ಲಿ ಜಗಲಿಯ ಕೊನೆಗೆ ಕೂರುವರು, ಪಕ್ಕದಲ್ಲಿ ಒಂದು ಮಲ್ಲಿಗೆಯ ಚಟ್ಟಿ.

ಆ ವರ್ಷ ಏಪ್ರಿಲ್‌ನಲ್ಲಿ ಬಾವಿಯ ನೀರು ತಳ ಹಿಡಿದು ಜಗಲಿಯ ಗಿಡಗಳೆಲ್ಲ ಸೊರಗಿದ್ದವು. ಅಕ್ಕನ ಮಲ್ಲಿಗೆ ಮಾತ್ರ ಮೈತುಂಬ ಹೂ ಬಿಟ್ಟು ನಿಂತಿತ್ತು. ನಾನು ಹೋದಾಗಲೆಲ್ಲ ಅವರು ಏಳೆಂಟು ಹೂ ಕೊಯ್ದು, "ಮುಡ್ಕೊಳ್ಳಿ ಟೀಚರೇ" ಎಂದು ಕೊಡುವರು. ನಾನು ಮುಡಿದುಕೊಂಡು ಘಮಘಮ ಎನ್ನುತ್ತ ಬಸ್ ಹತ್ತುತ್ತಿದ್ದೆ. ಇಷ್ಟು ದೊಡ್ಡ ಸುಳಿವನ್ನು ತಲೆಯ ಮೇಲೆ ಹೊತ್ತು ತಿರುಗಿದ ಸಂಶೋಧಕಿ ಈ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ತಲೆಬಿಸಿ ಇದ್ದದ್ದು ಒಂದೇ. ಇಷ್ಟೆಲ್ಲ ನೀರು ಕುಡಿಯುವ ಅಕ್ಕನಿಗೇ ಮೇಲಿಂದ ಮೇಲೆ ಮೂತ್ರದ ಸೋಂಕು. ಎರಡು ಸಲ ಚಳಿಜ್ವರ ಬಂತು. ತಡೆಯಲಾಗದೆ ಬಟ್ಟೆ ಒದ್ದೆಯಾಗತೊಡಗಿತು, ಸೊಂಟದ ಹತ್ತಿರ ಚರ್ಮ ಕೆಂಪಾಯಿತು. ಶನಿವಾರ ಬರುವ ಡಾಕ್ಟರು ನನ್ನ ಚಾರ್ಟನ್ನು ಗಮನವಿಟ್ಟು ಓದಿದರು. "ನೀರಂತೂ ಬೇಕಾದಷ್ಟು ಹೋಗ್ತಾ ಉಂಟು. ಹಾಗಾದರೆ ಬೇರೆ ದಾರಿ ಇಲ್ಲ. ಬರುವ ಶನಿವಾರವೂ ಹೀಗೇ ಇದ್ದರೆ ಪೈಪ್ ಹಾಕುವ, ಚರ್ಮವಾದರೂ ಉಳೀತದೆ" ಎಂದರು.

ಮೂತ್ರದ ಪೈಪ್ ಹಾಕುವುದು ಎರಡು ನಿಮಿಷದ ಕೆಲಸ. ನಾನೇ ಎಷ್ಟು ಜನರಿಗೆ ಹಾಕಿದ್ದೇನೋ. ಆದರೆ ಇಂಥ ಕಡೆ ಒಮ್ಮೆ ಹಾಕಿದ ಪೈಪ್ ಹೊರಗೆ ಬರುವುದು ಅಪರೂಪ, ಅದರಿಂದಲೇ ಸೋಂಕು ಇನ್ನೂ ಹೆಚ್ಚುವುದೂ ಉಂಟು. ಅಕ್ಕನಿಗೆ ಇದಾವುದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟೇ: "ಆ ಚೀಲ ನೇತು ಹಾಕಿಕೊಂಡು ನಾನು ಜಗಲಿಗೆ ಬರುವುದಿಲ್ಲ. ಒಳಗೇ ಮಲಗ್ತೇನೆ." ಹೇಳಿದ್ದು ನಗುತ್ತಲೇ, ಆದರೆ ಬಲಗೈ ಸೆರಗನ್ನು ಬಿಗಿಯಾಗಿ ಹಿಡಿದಿತ್ತು.

ಆ ಗುರುವಾರ ಕಾಲೇಜಿಗೆ ಯಾವುದೋ ಪರೀಕ್ಷೆಯ ಸೆಂಟರ್ ಬಿದ್ದು ನಮಗೆ ರಜೆ. ನನ್ನ ದಿನವಲ್ಲದಿದ್ದರೂ ಹೋದೆ. ಊಟದ ಹೊತ್ತು ಕಳೆದಿತ್ತು, ಜಗಲಿಯಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಅಕ್ಕ ತೂಕಡಿಸುತ್ತಿರಲಿಲ್ಲ. ಬಾಟ್ಲಿಯನ್ನು ತೊಡೆಗಳ ನಡುವೆ ಇಟ್ಟು, ಒಂದೇ ಕೈಯಲ್ಲಿ ಮುಚ್ಚಳ ತಿರುಗಿಸಿ, ಸರಿಯಾಗಿ ಎರಡು ಗೆರೆಯಷ್ಟು ನೀರನ್ನು ಮಲ್ಲಿಗೆಯ ಬುಡಕ್ಕೆ ಸುರಿದರು. ಒಂದು ಹನಿ ಆಚೀಚೆ ಇಲ್ಲ. ಆಮೇಲೆ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು ಗೆರೆ ನೋಡಿದರು, ಥೇಟ್ ನನ್ನ ಹಾಗೆ.

"ಅಕ್ಕಾ!" ಎಂದೆ. ನನ್ನ ವಾರ್ಡಿನ ದನಿ ಹೊರಟಿತ್ತು. ತೂಕಡಿಸುತ್ತಿದ್ದವರೆಲ್ಲ ಎಚ್ಚರಾದರು.

ಅಕ್ಕ ಬೆಚ್ಚಲಿಲ್ಲ. ನಾವು ಮಾತಾಡುವುದು ತುಳುವಿನಲ್ಲಿ. ಅವರ ಮಾತನ್ನು ಇಲ್ಲಿ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. "ಇವತ್ತು ನಿಮ್ಮ ದಿನ ಅಲ್ಲವಲ್ಲ?" ಎಂದರು.

"ನನ್ನ ದಿನ ಬಿಡಿ. ಕುಡಿಯುವ ನೀರನ್ನು ಗಿಡಕ್ಕೆ ಯಾಕೆ ಹಾಕುವುದು?"

"ಕುಡಿದರೆ ಹೋಗ್ಬೇಕಲ್ಲ ಮಗಾ." ಸಿಕ್ಕಿಬಿದ್ದ ಮೇಲೆ ನಾನು ಟೀಚರ್ ಹೋಗಿ ಮಗ ಆಗಿದ್ದೆ. "ನಾನು ಐವತ್ತು ವರ್ಷ ಬೀಡಿ ಕಟ್ಟಿದವಳು. ಮಡಿಲಲ್ಲಿ ಮೊರದಂಥ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು. ಎದ್ದರೆ ಎಲ್ಲ ಇಳಿಸಿ ಏಳ್ಬೇಕು. ಎಲೆ ಒಣಗ್ತದೆ, ಕೈಯ ಓಟ ತಪ್ತದೆ. ಬೆಳಿಗ್ಗೆ ಕೂತವಳು ಮಧ್ಯಾಹ್ನದವರೆಗೆ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ನಮ್ಮ ಮನೆಯ ಹೆಂಗಸರೆಲ್ಲ ಹಾಗೇ. ಅದು ಅಭ್ಯಾಸ."

"ಈಗ ಮಡಿಲಲ್ಲಿ ತಡ್ಪೆ ಇಲ್ಲವಲ್ಲ ಅಕ್ಕಾ."

"ತಡ್ಪೆ ಇಲ್ಲ. ಇವಳಿದ್ದಾಳೆ." ಅಕ್ಕ ಒಳಗೆ ಬಟ್ಟೆ ಮಡಚುತ್ತಿದ್ದ ಸಹಾಯಕಿಯ ಕಡೆಗೆ ಗದ್ದ ಎತ್ತಿ ತೋರಿಸಿದರು. "ನನ್ನನ್ನು ಎತ್ತುವಾಗ ಒಮ್ಮೆ 'ಅಮ್ಮಾ' ಅಂತಾಳೆ, ಕೂರಿಸುವಾಗ ಇನ್ನೊಮ್ಮೆ. ಸೊಂಟ ಹೋದರೆ ಅವಳ ಮಕ್ಕಳಿಗೆ ಯಾರು? ಕರೀಲಿಕ್ಕೆ ಬಾಯಿ ಬರುವುದಿಲ್ಲ."

"ಹಾಗಾದರೆ ಬಾಟ್ಲಿಯಲ್ಲಿ ನೀರು ಹಾಗೇ ಬಿಡಬಹುದಿತ್ತಲ್ಲ? ಚೆಲ್ಲಿದ್ದು ಯಾಕೆ?"

ಅಕ್ಕ ನನ್ನನ್ನು ಸ್ವಲ್ಪ ಕನಿಕರದಿಂದ ನೋಡಿದರು. "ಈ ಪ್ರಾಯದಲ್ಲಿ ಪರೀಕ್ಷೆಗೆ ಕೂತಿದ್ದೀರಿ. ಬಾಟ್ಲಿ ಖಾಲಿಯಾದರೆ ತಾನೇ ಪಾಸಾಗುವುದು?"

ನಾನು ಜಗಲಿಯ ಉದ್ದಕ್ಕೂ ನೋಡಿದೆ. ಒಬ್ಬರೂ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಕೇಳುತ್ತ ಹೋದ ಹಾಗೆ ಹೊರಬಿತ್ತು: ಒಬ್ಬರು ದಿನಾ ಕೈ ತೊಳೆಯುವ ತೊಟ್ಟಿಗೆ ಸುರಿಯುತ್ತಿದ್ದರು, ಇನ್ನೊಬ್ಬರು ಕಿಟಕಿಯ ಹೊರಗೆ. ನಿವೃತ್ತ ಮೇಷ್ಟರೊಬ್ಬರು ದಿನಾ ತಮ್ಮ ಬಾಟ್ಲಿಯ ನೀರಿನಲ್ಲೇ ಮುಖ ತೊಳೆಯುತ್ತಿದ್ದರು, ಅವರಿಗೆ ಮಾತ್ರ ಸ್ವಲ್ಪ ನಾಚಿಕೆಯಾದಂತಿತ್ತು. ಟೀಚರ್ ಪಾಸಾಗಬೇಕೆಂದು ಎಲ್ಲರೂ ಸೇರಿ ಎರಡು ತಿಂಗಳು ನೀರು ಚೆಲ್ಲಿದ್ದರು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಹೊರಗೆ ಬಂದು ನನ್ನ ಗೈಡ್ ಮೇಡಂಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿ, "ಒಬ್ಬರದ್ದಾದರೆ ಬಿಡಬಹುದಿತ್ತು. ಎಲ್ಲರದ್ದೂ ಅಂದರೆ ಮೊದಲಿನಿಂದ ಶುರು ಮಾಡ್ಬೇಕು. ಒಪ್ಪಿಗೆ, ಮಂಜೂರಾತಿ ಎಲ್ಲ ಮತ್ತೆ. ಒಂದು ವರ್ಷ ಹೋಯ್ತು ಅಂತ ತಿಳ್ಕೊಳ್ಳಿ" ಎಂದರು.

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡುವುದಿಲ್ಲ. ಗೈಡಿಗೆ ಹೇಳಿದ್ದೇ ಅವಸರವಾಯಿತು ಅನಿಸಿತು. 'ವಿಚಾರಿಸಿ ನೋಡಿದೆ, ತಪ್ಪು ತಿಳುವಳಿಕೆ' ಎಂದು ನಾಳೆ ಇನ್ನೊಂದು ಫೋನ್ ಮಾಡಿದರೆ ಮುಗಿಯಿತು. ಗ್ರಾಫ್ ಅಷ್ಟು ಚೆಂದ ಬಂದಿತ್ತು. ಆದರೆ ಶನಿವಾರ ಡಾಕ್ಟರು ಓದುವುದು ಅದೇ ಚಾರ್ಟನ್ನು. ನೀರು ಸಾಕಷ್ಟು ಹೋಗುತ್ತಿದೆ ಎಂದು ಅವರಿಗೆ ಹೇಳಿದ್ದು ನಾನೇ ಎಳೆದ ಗೆರೆಗಳು. ಅಕ್ಕನಿಗೆ ಪೈಪ್ ಹಾಕಿಸುತ್ತಿದ್ದುದು ನಾನು. ಇಳಿಯುವ ಸ್ಟಾಪ್ ಬರುವಾಗ ಯೋಚನೆ ಮುಗಿದಿತ್ತು, ಇನ್ನೊಂದು ಫೋನ್ ಮಾಡಲಿಲ್ಲ.

ಶನಿವಾರ ಡಾಕ್ಟರು ಬರುವ ಮೊದಲೇ ಹೋಗಿ ಕೂತೆ. ಚಾರ್ಟಿನ ಮೇಲೆ ಅಡ್ಡ ಗೆರೆ ಎಳೆದು ಅವರ ಕೈಗೆ ಕೊಟ್ಟೆ. "ಸರ್, ಇದೆಲ್ಲ ಸುಳ್ಳು. ಈ ನೀರು ಕುಡಿದದ್ದು ಮಲ್ಲಿಗೆ" ಎಂದೆ. ಅವರು ಗಿಡ ನೋಡಿದರು, ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, "ಎರಡು ವಾರ ಕೊಡ್ತೇನೆ. ಆಗದಿದ್ದರೆ ಪೈಪ್" ಎಂದು ಮಾತ್ರೆ ಬರೆದು ಹೋದರು.

ಎರಡು ವಾರ. ರಜೆ ಹಾಕಿ ದಿನಾ ಹೋಗಿ ನನಗೆ ತಿಳಿದದ್ದೆಲ್ಲ ಮಾಡಿದೆ. ಬೆನ್ನು ಬಗ್ಗಿಸದೆ ಕುರ್ಚಿಯಿಂದ ಕುರ್ಚಿಗೆ ಜಾರಿಸಿ ಕೂರಿಸುವುದಕ್ಕೆ ನುಣ್ಣಗಿನ ಹಲಗೆಯೊಂದನ್ನು ಮಾಡಿಸಿ, ಸಹಾಯಕಿಗೆ ಅಭ್ಯಾಸ ಮಾಡಿಸಿದೆ. "ಮೊದಲೇ ಇದನ್ನು ಕೊಡ್ಬಾರ್ದಿತ್ತಾ ಟೀಚರ್?" ಎಂದು ಅವಳು ನನ್ನನ್ನೇ ಗದರಿಸಿದಳು. ಗದರಿಸಿಕೊಳ್ಳಬೇಕಾದವಳೇ ನಾನು. ನೀರಿನ ಲೆಕ್ಕ ಇಟ್ಟವಳು, ನೀರು ಕುಡಿದವರನ್ನು ಕರೆದುಕೊಂಡು ಹೋಗುವವಳ ಸೊಂಟದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಇಷ್ಟಾದರೂ ಅಕ್ಕ ಬಾಯಿ ಬಿಟ್ಟು ಕರೆಯಲೊಲ್ಲರು. "ಅವಳಿಗೆ ನೋವಾಗುವುದಿಲ್ಲ, ನೋಡಿದಿರಲ್ಲ" ಎಂದರೆ, "ಆದ್ರೂ" ಎನ್ನುವರು. ಮೂರನೆಯ ದಿನ ನನ್ನ ಸಿಟ್ಟು ನೆತ್ತಿಗೇರಿತು. "ಹಾಗಾದರೆ ನಾವು ಎಂತ ಮಾಡ್ಬೇಕು ಅಂತ ನೀವೇ ಹೇಳಿ ಮಾರಾಯ್ರೇ!"

ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಬಂದು ನಿಂತು, ಇಬ್ಬರನ್ನು ಹತ್ತಿಸಿಕೊಂಡು ಹೋಯಿತು. ಅಕ್ಕ ಅದನ್ನೇ ನೋಡುತ್ತಿದ್ದರು. "ಅದರ ಹಾಗೆ ಬಂದರೆ ಹೋಗ್ತೇನೆ. ಬಸ್ ಅದರ ಟೈಮಿಗೆ ಬರ್ತದೆ, ಇದ್ದವರು ಹತ್ತುತ್ತಾರೆ. ಒಬ್ಬರಿಗಾಗಿ ಬಂದದ್ದಲ್ಲ. ಯಾರ ಹಂಗೂ ಇಲ್ಲ."

ನಾನು ಓದಿದ ಯಾವ ಪುಸ್ತಕದಲ್ಲೂ ಅದು ಇಷ್ಟು ಸಲೀಸಾಗಿ ಇರಲಿಲ್ಲ. ಮರುದಿನದಿಂದ ಟೈಮಿಂಗ್ ಮಾಡಿದೆವು: ತಿಂಡಿಯ ನಂತರ, ಹನ್ನೊಂದಕ್ಕೆ, ಊಟದ ನಂತರ, ಚಹಾದ ಮೊದಲು, ಸಂಜೆ. ಸಹಾಯಕಿ ಗಾಲಿಯ ಕಮೋಡ್ ಕುರ್ಚಿಯನ್ನು ಜಗಲಿಯ ಆ ತುದಿಯಿಂದ ಈ ತುದಿಗೆ ತಳ್ಳಿಕೊಂಡು ಬರುವಳು. ಯಾರೂ ಕರೆಯಬೇಕಾಗಿಲ್ಲ. ಒಬ್ಬರನ್ನು ಕೂರಿಸಿದ ಕೂಡಲೇ ಕಂಡಕ್ಟರನ ಹಾಗೆ "ರೈಟ್, ಪೋಯಿ!" ಎಂದು ಕೂಗಿ ಬಾತ್‌ರೂಮಿನ ಕಡೆಗೆ ಹೊರಡುವಳು. ಮೇಷ್ಟರು ಗಡಿಯಾರ ನೋಡಿ, "ಇವತ್ತು ಐದು ನಿಮಿಷ ಲೇಟು" ಎಂದು ದೂರು ಕೊಡಲಿಕ್ಕೂ ಶುರುಮಾಡಿದರು. ಬಸ್ ಖಾತ್ರಿಯಾದ ಮೇಲೆ ಅಕ್ಕ ನೀರು ಕುಡಿದರು. ಮೊದಲು ಒಂದು ಗೆರೆ, ಆಮೇಲೆ ಎರಡು.

ನಾನು ಹೊಸ ಚಾರ್ಟ್ ಮಾಡಿದೆ. ನೀರಿನ ಕಾಲಂನ ಪಕ್ಕದಲ್ಲಿ ಇನ್ನೊಂದು: 'ಕರೆಯುವ ಮೊದಲೇ ಹೋದಿರಾ?' ಹೀಗೆ ಕಳೆದುಹೋದ ಆ ಒಂದು ವರ್ಷಕ್ಕಾಗಿ ಈಗಲೂ ಒಮ್ಮೊಮ್ಮೆ ಹೊಟ್ಟೆ ಉರಿಯುತ್ತದೆ. ಆದರೆ ನನ್ನ ಪ್ರಬಂಧದಲ್ಲಿ ಏನಾದರೂ ಹುರುಳಿದ್ದರೆ ಅದು ಆ ಎರಡನೆಯ ಕಾಲಂನಲ್ಲೇ ಇದೆ.

ಗಡುವು ಮುಗಿಯುವ ಶನಿವಾರ ಗೇಟಿನ ಹತ್ತಿರ ಬರುವಷ್ಟರಲ್ಲೇ ಸಹಾಯಕಿಯ ಕೂಗು ಕೇಳಿತು. "ಟೀಚರ್, ಗಿಡ ಒಣಗ್ತಾ ಉಂಟು!" ಅಷ್ಟು ಖುಷಿಯಿಂದ ಯಾರೂ ಆ ಮಾತು ಹೇಳಿರಲಾರರು. ಮಲ್ಲಿಗೆಯ ಎಲೆಗಳು ಹಳದಿಯಾಗಿ ಚಟ್ಟಿಯ ಸುತ್ತ ಉದುರಿದ್ದವು. ಡಾಕ್ಟರು ಬಂದು ಅಕ್ಕನ ಚರ್ಮ ನೋಡಿದರು, ಮೂತ್ರದ ಪರೀಕ್ಷೆಯ ವರದಿ ನೋಡಿದರು, ಕೊನೆಗೆ ಗಿಡವನ್ನೂ ನೋಡಿದರು. "ಪೈಪ್ ಬೇಡ. ಹೀಗೇ ಹೋಗ್ಲಿ" ಎಂದರು. ಅಕ್ಕ ಹಿಡಿದಿದ್ದ ಸೆರಗು ಬಿಟ್ಟರು. ನನಗೆ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಪಾಪ, ಗಿಡಕ್ಕೆ ಶಿಕ್ಷೆ ಯಾಕೆ ಎಂದು ನಾನು ಚೀಲದಿಂದ ನನ್ನ ಬಾಟ್ಲಿ ತೆಗೆದು ಚಟ್ಟಿಗೆ ಬಗ್ಗಿಸಿದೆ. ಅಕ್ಕ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದುಬಿಟ್ಟರು. ಬೀಡಿ ಕಟ್ಟಿದ ಬೆರಳು, ಬಿಡಿಸಿಕೊಳ್ಳಲಾಗಲಿಲ್ಲ.

"ಇದು ಯಾರ ಬಾಟ್ಲಿ?"

"ನನ್ನದೇ ಅಕ್ಕಾ."

"ಮನೆಯಿಂದ ಹೊರಡುವಾಗ ತುಂಬಿಸಿದ್ದಾ? ಬಾಯಿವರೆಗೆ ಉಂಟಲ್ಲ. ಗಂಟೆ ಎಷ್ಟಾಯ್ತು?"

ಮೂರೂವರೆ ಆಗಿತ್ತು. ಎರಡು ಬಸ್, ದಾರಿಯಲ್ಲಿ ಹೋಗಲು ಜಾಗವಿಲ್ಲ, ಹಾಗಾಗಿ ಕುಡಿಯುವುದೇ ಇಲ್ಲ. ವಾರ್ಡಿನಲ್ಲಿದ್ದಾಗಲೂ ಅಷ್ಟೆ, ಡ್ಯೂಟಿ ಮುಗಿಯುವವರೆಗೆ ಬಾತ್‌ರೂಮಿಗೆ ಹೋಗಲು ಪುರುಸೊತ್ತಿಲ್ಲವೆಂದು ನಾವ್ಯಾರೂ ನೀರು ಮುಟ್ಟುತ್ತಿರಲಿಲ್ಲ. ಎಲ್ಲರ ಬಾಟ್ಲಿಗೂ ಗೆರೆ ಎಳೆದವಳು ನನ್ನ ಬಾಟ್ಲಿಗೆ ಎಳೆದಿರಲಿಲ್ಲ.

"ಗಿಡಕ್ಕೆ ಅಕ್ಕಿ ತೊಳೆದ ನೀರು ಹಾಕು" ಎಂದರು ಅಕ್ಕ ಸಹಾಯಕಿಗೆ. ಆಮೇಲೆ ನನ್ನ ಕಡೆ ತಿರುಗಿ, "ನೀನು ಕುಡಿ ಮಗಾ. ಹೆದರ್ಬೇಡ, ಈಗ ಬಸ್ ಬರ್ತದೆ."

ಇಷ್ಟು ವರ್ಷ ನರ್ಸ್ ಆಗಿದ್ದ ನನಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಜಗಲಿಯಲ್ಲಿದ್ದವರೆಲ್ಲ ನೋಡುತ್ತಿದ್ದಂತೆ ನಾನು ನಿಂತಲ್ಲೇ ಗಟಗಟ ಕುಡಿದೆ. ಕಣ್ಣು ತುಂಬಿ ಬಂತು. ಅಕ್ಕ ಬಾಟ್ಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ಪೂರ್ತಿ ಖಾಲಿಯಾಗಿದೆಯೇ ಎಂದು ನೋಡಿದರು.