ಹುಳಿ ನೀರಿಗೆ ತಂದ ಸುಣ್ಣ

ಅಂಬಾದಾಸ ನೀರಿಗೆ ಇಳಿಯದೇ ಮೀನು ಸಾಕಿದವನು. ನಂಬುವುದು ಕಷ್ಟ, ಆದರೂ ಖರೆ. ತಿಕೋಟಾದ ಊರ ಹೊರಗಿನ ಕೇರಿಯಲ್ಲಿ ಹುಟ್ಟಿದ ಅವನನ್ನು ೧೯೬೨ರಲ್ಲಿ ಬಿಜಾಪುರದ ಮೀನುಗಾರಿಕೆ ಇಲಾಖೆಯ ಸಾಹೇಬರೊಬ್ಬರು ಬಬಲೇಶ್ವರದಾಚೆಯ ಹಳ್ಳಿಯೊಂದರ ಹೊಂಡಕ್ಕೆ ದಿನಗೂಲಿ ಕಾವಲುಗಾರನಾಗಿ ಇಟ್ಟರು. ಯುಗಾದಿತನಕ ಮೀನು ಉಳಿದರೆ ನೌಕರಿ ಕಾಯಂ ಎಂದರು. ಊರವರೋ, ಹೊಂಡಕ್ಕೆ ಇಳಿಯುವ ಪಾವಟಿಗೆ ತುಳಿಯಬೇಡ, ದಂಡೆಯ ಮೇಲಿಂದಲೇ ತವಡು ಎಸೆ ಎಂದರು. ಎರಡಕ್ಕೂ ಹ್ಞೂಂ ಅಂದ. ಹೊಟ್ಟೆಪಾಡಿನವನು ಇನ್ನೇನು ಅಂದಾನು!

ದೀಪಾವಳಿ ಮುಗಿಯುತ್ತಲೇ ಗೌಡ ಶಿವಯೋಗೆಪ್ಪ ಹಗ್ಗದ ನಾರಿಗಾಗಿ ನೂರಾರು ಹೊರೆ ಪುಂಡಿಕಟ್ಟಿಗೆ ತಂದು ಹೊಂಡದಲ್ಲಿ ನೆನೆಹಾಕಿಸಿದ. ಅದು ಕೊಳೆತು ಗಬ್ಬೆದ್ದಿತು. ಎಂಟು ದಿನದಲ್ಲಿ ಮೀನುಗಳ ಮೈತುಂಬ ಕೆಂಪು ಹುಣ್ಣು, ರೆಕ್ಕೆಗೆ ಬಿಳಿ ಬೂಸು. ನೀರು ಪರೀಕ್ಷಿಸಲು ಸಾಹೇಬರು ಕೊಟ್ಟಿದ್ದ ನೀಲಿ ಕಾಗದವನ್ನು ಅಂಬಾದಾಸ ಕೋಲಿಗೆ ಕಟ್ಟಿ ನೀರಿಗೆ ಬಿಟ್ಟ. ಕಾಗದ ಕೆಂಪಾಯಿತು, ನೀರು ಹುಳಿಗಟ್ಟಿತ್ತು. ಅವತ್ತೇ ಬಿಜಾಪುರಕ್ಕೆ ಓಡಿ, ಸಾಹೇಬರ ಚೀಟಿ ತೋರಿಸಿ, ಸೊಲ್ಲಾಪುರ ರಸ್ತೆಯ ಅಂಗಡಿಯಿಂದ ಎರಡು ಮೂಟೆ ಸುಣ್ಣ ತಂದು ದಂಡೆಯ ಮೇಲಿಟ್ಟ.

ಗೌಡನ ಅಂಗಳದ ಹೊರಗೆ ನಿಂತು ಹೇಳಿದ: “ಗೌಡ್ರ, ನೀರು ಹುಳಿ ಆದ್ರ ಮೀನಿನ ಮೈಮ್ಯಾಲಿನ ಲೋಳಿ ಕೆಡತೈತ್ರಿ, ರೋಗ ತಡಿಯೋ ತಾಕತ್ತು ಹೋಗತೈತಿ. ಮೊದಲಿಂದ ನೀರಾಗ ಸುಮ್ಮನಿದ್ದ ಹುಳಗೋಳೇ ಆಗ ಮೀನ ಕೊಲ್ಲತಾವ್ರಿ. ಪುಂಡಿ ತಗಸ್ರಿ, ನಾ ಸುಣ್ಣ ಬಿಡತೇನಿ.”

ಗೌಡ ಕವಳ ಉಗುಳಿದ. “ಪುಂಡಿ ನಮ್ಮಜ್ಜನ ಕಾಲದಿಂದ ಹಾಕತೀವಲೇ. ಹೊಸದಾಗಿ ಬಂದಾಂವ ನೀನ. ಕದ್ದು ನೀರಿಗೆ ಇಳದೀಯೇನ, ಖರೆ ಹೇಳು.”

ಇಳಿದಿಲ್ಲವೆಂದು ಆಣೆ ಮಾಡಿ ಹೇಳಿದ. ಯಾರು ಕೇಳಬೇಕು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನ. ಹೊಂಡ ಮೈಲಿಗೆಯಾಗಿದೆ, ಅದಕ್ಕೇ ಮೀನಿಗೆ ಹುಣ್ಣು ಎಂದು ಪಂಚರು ತೀರ್ಮಾನಿಸಿ ಅವನನ್ನು ಊರಾಚೆ ದಬ್ಬಿದರು. ಪುಂಡಿ ಮಾತ್ರ ನೀರಲ್ಲೇ ಉಳಿಯಿತು.

ಶುದ್ಧಿಗೆಂದು ಗೋಮೂತ್ರ ಚಿಮುಕಿಸಿದರು. ಅಂಬಾದಾಸ ಹೆಗಲ ಮೇಲೆ ಹೊತ್ತು ತಂದಿದ್ದ ಸುಣ್ಣವನ್ನೇ ಕಲಸಿ, ಅವನು ಎಂದೂ ತುಳಿಯದ ಪಾವಟಿಗೆಗಳಿಗೆಲ್ಲ ಬಳಿದರು. ಸುಣ್ಣಕ್ಕೆ ಮೈಲಿಗೆ ಇರಲಿಲ್ಲ, ನೋಡಿ! ಮೂರನೆಯ ದಿನ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು.

ನೌಕರಿ ಹೋಯಿತು. ಮುಂದೆ ಅವನು ಸೊಲ್ಲಾಪುರ ರಸ್ತೆಯ ಅದೇ ಸುಣ್ಣದ ಅಂಗಡಿಯಲ್ಲಿ ಹಮಾಲನಾದ. ಪಾವಟಿಗೆಗೆ ಸುಣ್ಣ ಬಳಿಯುವುದು ಆ ಊರಲ್ಲಿ ಪದ್ಧತಿಯೇ ಆಗಿಹೋಗಿತ್ತು. ಪ್ರತಿ ದೀಪಾವಳಿಗೆ ಗೌಡನ ಬಂಡಿ ಅಂಗಡಿಗೆ ಬರುತ್ತಿತ್ತು. ಮೂಟೆ ಹೊತ್ತು ಬಂಡಿಗೆ ಹೇರುತ್ತಿದ್ದವನು ಅಂಬಾದಾಸ.