ನದಿಯ ಈಚೆಗಿನ ಕಾಡುಕಳ್ಳಿ

ಒಣಗಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ ಬೀರುವಿನಲ್ಲಿ ಜೋಡಿಸುವುದು ಅವಳ ಕೆಲಸ. ಹದಿನೆಂಟು ವರ್ಷದಿಂದ ಅದೇ ಮೇಜು, ಅದೇ ಕಿಟಕಿ. ಗಿಡಗಳ ದಾಖಲೆ ಇಡುವ ಆ ಕಚೇರಿಯಲ್ಲಿ ಎಲ್ಲರಿಗೂ ಅವಳು ಗೋಂದಕ್ಕ. ಗಿಡಕ್ಕೆ ಹೆಸರಿಡುವುದು ದೊಡ್ಡವರ ಪಾಲು, ಉದುರಿದ ಎಲೆ ಆಯುವುದು ಇವಳ ಪಾಲು.

ಆ ಬೇಸಿಗೆ, ನದಿಯ ಈಚೆ, ಮಗಳ ಶಾಲೆಯ ಹಿಂದಿನ ಇಳಿಜಾರಿನಲ್ಲಿ ಅವಳ ಕಣ್ಣಿಗೆ ಕಾಡುಕಳ್ಳಿ ಬಿತ್ತು. ಕಳ್ಳಿಯ ಕುಲವೇ, ಆದರೆ ಮುಳ್ಳಿಲ್ಲ. ಮರದ ನೆರಳಲ್ಲಿ ಮೊಣಕಾಲೆತ್ತರ ಬೆಳೆಯುವ ಮೆತ್ತನೆ ಗಿಡ. ಮುರಿದರೆ ಹಾಲು. ಕಾಯಿಯ ಮೈತುಂಬ ನರೂಲಿಯಂಥ ಗಂಟು, ಅದೇ ಗುರುತು. ಇಳಿಜಾರಿನ ಮರ ಕಡಿದು ವಾಹನ ನಿಲ್ಲಿಸಲು ಜಾಗ ಮಾಡುವವರಿದ್ದರು. ಈ ಅಪರೂಪದ ಗಿಡ ಅಲ್ಲಿದೆ ಎಂದು ದಾಖಲಾದರೆ ಗರಗಸ ನಿಲ್ಲಲೇಬೇಕು.

ಹಾಲುಗಿಡವನ್ನು ಕಾಗದದ ನಡುವೆ ಒತ್ತುವ ಮೊದಲು ಕುದಿನೀರಲ್ಲಿ ಅದ್ದಬೇಕು. ಇಲ್ಲವಾದರೆ ಅದು ಒಳಗೇ ಜೀವ ಹಿಡಿದುಕೊಂಡು ಎಲೆ, ಕಾಯಿ ಎಲ್ಲ ಉದುರಿಸಿಬಿಡುತ್ತದೆ. ಹೊಸಬರಿಗೆ ಈ ಪಾಠ ಹೇಳುತ್ತಿದ್ದವಳೇ ಅವಳು. ಆದರೆ ಅವತ್ತು ಮಗಳಿಗೆ ಕೆಂಡದಂಥ ಜ್ವರ. ನೀರು ಕಾಯಿಸಲು ಇಟ್ಟದ್ದೇ ಮರೆತು, ಗಿಡವನ್ನು ಹಾಗೇ ಒತ್ತಿಟ್ಟಳು. ವಾರದ ಮೇಲೆ ಬಿಚ್ಚಿದರೆ ಬೋಳು ಕಡ್ಡಿ, ಕಾಯಿಯೆಲ್ಲ ಸಿಡಿದು ಪುಡಿಪುಡಿ. ಇಳಿಜಾರಿಗೆ ಓಡಿದಳು. ಅಲ್ಲೂ ಕಾಯಿಯ ಕಾಲ ಮುಗಿದಿತ್ತು. ಇನ್ನು ಮುಂದಿನ ಬೇಸಿಗೆಗೇ, ಅಷ್ಟರಲ್ಲಿ ಮರವಿದ್ದರೆ.

"ಏನಮ್ಮಾ ಇದು, ಪೊರಕೆ ಕಡ್ಡಿ ತಂದಿದ್ದೀಯಾ?" ಎಂದರು ಗಿಡಕ್ಕೆ ಹೆಸರಿಡುವ ಸಾಹೇಬರು. "ಕಾಡುಕಳ್ಳಿ ನದಿಯ ಆಚೆಗಷ್ಟೇ. ನಕ್ಷೇಲಿ ಗೆರೆ ಕಾಣಲ್ವಾ?"

ಅವಳು ಬೀರುವಿನಿಂದ ಕಾಡುಕಳ್ಳಿಯ ಒಂಬತ್ತು ಹಳೇ ಹಾಳೆ ತಂದು ಅವರ ಮುಂದೆ ಹರಡಿದಳು.

"ಆ ಗೆರೆ ಎಳೆದದ್ದು ಇವನ್ನ ನೋಡಿ ತಾನೇ ಸಾರ್? ಒಂಬತ್ತನ್ನೂ ತಂದವರು ಒಬ್ರೇ. ಚೀಟಿಯಲ್ಲೆಲ್ಲ 'ರಸ್ತೆ ಬದಿ' ಅಂತಿದೆ. ಆ ರಸ್ತೆ ಆಚೆ ದಡದ್ದು, ಆಗ ಸೇತುವೆ ಇರಲಿಲ್ಲ. ನದಿ ದಾಟದೇ ಉಳಿದದ್ದು ಗಿಡ ಅಲ್ಲ, ಮನುಷ್ಯ!"

"ನೀನು ಅಂಟಿಸೋಳು. ಅಂಟಿಸು."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಹೌದು ಸಾರ್, ಅಂಟಿಸೋಳೇ. ನೀವು ತಪ್ಪು ಬರೆದ ಹೆಸರಿನ ಮೇಲೆ ಎಷ್ಟು ಸಲ ಹೊಸ ಚೀಟಿ ಅಂಟಿಸಿದ್ದೀನಿ ಅಂತ ನನ್ನ ಬೆರಳಿಗೆ ಗೊತ್ತು."

ಪಕ್ಕದ ಮೇಜಿನ ಗುಮಾಸ್ತ ಕೆಮ್ಮಿ ನಗು ನುಂಗಿದ.

"ನನ್ನ ಕಡ್ಡಿ ಸಾಕ್ಷಿ ಅಲ್ಲ, ಒಪ್ಪಿದೆ. ತಪ್ಪು ನಂದೇ. ಹಾಗಾದ್ರೆ 'ಅಲ್ಲಿ ಇಲ್ಲ' ಅಂತ ಬರೆದು ಸಹಿ ಹಾಕಿ."

ಸಾಹೇಬರು ಪೆನ್ನು ಎತ್ತಿದರು. ಕಾಲಿಟ್ಟೇ ಇಲ್ಲದ ಜಾಗದ ಬಗ್ಗೆ 'ಇಲ್ಲ' ಎಂದು ಬರೆಯಲು ಕೈ ಬರಲಿಲ್ಲ. ಕೊನೆಗೆ ಅವಳ ಕಡ್ಡಿಯ ಹಾಳೆಯ ಮೇಲೆ ಗೀಚಿದರು: 'ಅನುಮಾನ'.

ಅವಳು ಹಾಳೆ ಎಳೆದುಕೊಂಡಳು. "ಅನುಮಾನ ಇದ್ರೆ ಕಾಯಿ ಬಿಡೋ ಕಾಲದಲ್ಲಿ ಹೋಗಿ ನೋಡಬೇಕು, ಅಲ್ಲೀವರೆಗೂ ಕಡಿಯೋ ಹಾಗಿಲ್ಲ. ನಿಮ್ಮದೇ ನಿಯಮ."

"ಕೊಡು ಇಲ್ಲಿ ಅದನ್ನ!"

"ಮುಂದಿನ ಬೇಸಿಗೆಗೆ ಇಳಿಜಾರಿಗೆ ಬನ್ನಿ ಸಾರ್, ಕೊಡ್ತೀನಿ. ದಾಟೋಕೆ ನದೀನೂ ಇಲ್ಲ."

ಧನ್ಯವಾದ ಹೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಇದ್ದದ್ದನ್ನು ಇದೆ ಅನ್ನಿಸಲು ಇನ್ನೊಂದು ವರ್ಷ ಕಾಯಬೇಕಲ್ಲ ಎಂದು ಹಲ್ಲು ಕಡಿಯುತ್ತ, ಹಾಳೆಗೆ ಮೊಹರು ಹಾಕಿಸಲು ಮೆಟ್ಟಿಲಿಳಿದಳು.